ಸಾಕ್ಷಿ ಬಾಗಿ

ಕಡವಿನ ದೋಣಿಯಿಂದ ಇಳಿದ ಹೆಂಗಸು ಬೆಂಗ್ರೆ ಊರಿನವಳಲ್ಲ ಎಂಬುದು, ಆಕೆ ದಡದ ಹೊಯ್ಗೆ ಮರಳಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವ ರೀತಿಯಿಂದಲೇ ಬಾಗಿಗೆ ತಿಳಿಯಿತು. ಹತ್ತಿರ ಬಂದಾಗ ಗುರುತು ಹತ್ತಿತು. ಹೆಡ್ ಕಾನ್‌ಸ್ಟೇಬಲ್ ಮಹಾಬಲ ಶೆಟ್ಟರ ಹೆಂಡತಿ ಕುಶಲಾ. ಮರುದಿನ ಮಂಗಳೂರಿನ ಕೋರ್ಟಿನಲ್ಲಿ ಬಾಗಿ ಸಾಕ್ಷಿ ಹೇಳಬೇಕಿದ್ದದ್ದು ಆ ಶೆಟ್ಟರ ವಿರುದ್ಧವೇ.

ಬಾಗಿ ಕೊಟ್ಟ ನೀರನ್ನು ಕುಶಲಾ ಕುಡಿದಳು. ಆಮೇಲೆ ಒಂದೊಂದಾಗಿ ಹೇಳಿದಳು. ಗಂಡ ಸಸ್ಪೆಂಡ್ ಆಗಿ ಎರಡು ವರ್ಷವಾಯಿತು, ಕುದ್ರೋಳಿಯ ಬಾಡಿಗೆ ಮನೆ ಬಿಡಬೇಕಾಗಿ ಬಂತು, ಮಗಳಿಗೆ ಗೊತ್ತಾಗಿದ್ದ ಮದುವೆ ಸಂಬಂಧ ಮುರಿಯಿತು.

"ಅವತ್ತು ನೀವು ಕೊಟ್ಟದ್ದು ಕೈಸಾಲದ ಹಣ ಅಂತ ಒಂದು ಮಾತು ಹೇಳಿದ್ರೆ ಸಾಕು ಬಾಗಿಯಕ್ಕ. ಅವರು ನಿಮ್ಮ ಗಂಡನ ಮೈ ಮುಟ್ಟಲಿಲ್ಲ ಅಲ್ವಾ?"

ಅದು ನಿಜ. ಬಂದರಿನ ಧಕ್ಕೆಯಲ್ಲಿ ಮಂಜಿ ಹಡಗೊಂದರಿಂದ ಹಗ್ಗ ಕಳವಾದಾಗ ಅವಳ ಗಂಡ ದೂಮಪ್ಪನನ್ನು ಸಂಶಯದ ಮೇಲೆ ಠಾಣೆಗೆ ಎಳೆದುಕೊಂಡು ಹೋಗಿದ್ದರು. ಬಿಡಲು ಶೆಟ್ಟರು ಐವತ್ತು ರೂಪಾಯಿ ಕೇಳಿದ್ದರು. ಬಾಗಿ ಅಳುತ್ತಾ ಬೆಂಗ್ರೆ ಶಾಲೆಯ ಒಸ್ವಾಲ್ಡ್ ಮಾಸ್ಟ್ರ ಹತ್ತಿರ ಹೋದಳು. ಮಾಸ್ಟ್ರು ಅವಳನ್ನು ದೊಡ್ಡ ಅಧಿಕಾರಿಗಳ ಬಳಿ ಕರೆದೊಯ್ದರು. ಅವರು ನೋಟುಗಳ ನಂಬರು ಬರೆದುಕೊಂಡು ಅವಳ ಕೈಗೇ ಕೊಟ್ಟರು. ಠಾಣೆಯ ಹಿಂದಿನ ಹಲಸಿನ ಮರದ ಬುಡದಲ್ಲಿ ಆ ನೋಟು ತೆಗೆದುಕೊಳ್ಳುವಾಗಲೇ ಶೆಟ್ಟರು ಸಿಕ್ಕಿಬಿದ್ದರು. ಆ ಸಂಜೆಯೇ ಠಾಣೆಯ ಉಳಿದವರು ಸಿಟ್ಟು ತೀರಿಸಿಕೊಂಡದ್ದು ದೂಮಪ್ಪನ ಮೇಲೆ. ಅವನ ಎಡಕಿವಿ ಅಂದಿನಿಂದ ಕೇಳುವುದಿಲ್ಲ. ಹೊಡೆದವರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ.

ಕುಶಲಾ ಹೋದ ಮೇಲೆ ಬಲೆ ಹೆಣೆಯುತ್ತಿದ್ದ ದೂಮಪ್ಪ ತಲೆ ಎತ್ತದೆ, "ಎಂತಾದರೂ ಹೇಳಿ ಮುಗಿಸು ಮಾರಾಯ್ತಿ. ನಾವು ಇಲ್ಲೇ ಬದುಕಬೇಕು," ಅಂದ.

ಕೋರ್ಟಿನಲ್ಲಿ ಬಾಗಿ ತುಳುವಿನಲ್ಲಿ ಹೇಳಿದ್ದನ್ನು ಗುಮಾಸ್ತರು ಕನ್ನಡಕ್ಕೆ ತಿರುಗಿಸುತ್ತಿದ್ದರು. ಶೆಟ್ಟರ ವಕೀಲರು ಸಾಲದ ಮಾತೆತ್ತಿದರು. ಇವರು ಬಾಯಿಬಿಟ್ಟು ಹಣ ಕೇಳಿದರೋ, ನೀನಾಗಿಯೇ ಕೊಟ್ಟೆಯೋ ಎಂದು ಕೆಣಕಿದರು. ಶೆಟ್ಟರು ಕಟಕಟೆಯಲ್ಲಿ ನೆಲ ನೋಡುತ್ತ ನಿಂತಿದ್ದರು. ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು. ಹಿಂದಿನ ಬೆಂಚಿನಲ್ಲಿ ಕುಶಲಾ ಇದ್ದಳು. ಸಾಲ ಎಂಬ ಮಾತು ಬಾಗಿಯ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಸಾಲ ಅಲ್ಲ ಸ್ವಾಮಿ. ಎಷ್ಟು ಕೊಡ್ತಿ ಅಂತ ಕೇಳಿದರು. ಇಪ್ಪತ್ತು ಉಂಟು ಅಂದೆ. ನಿನ್ನ ಗಂಡನಿಗೆ ಅಷ್ಟೇಯಾ ಬೆಲೆ ಅಂತ ನಗಾಡಿದರು."

ಗುಮಾಸ್ತರು ತಿರುಗಿಸಿದರು: ಆರೋಪಿಯು ಹೆಚ್ಚಿನ ಮೊತ್ತವನ್ನು ಕೇಳಿದನು.

ಬಾಗಿಗೆ ಅಷ್ಟು ಕನ್ನಡ ಅರ್ಥವಾಗುತ್ತಿತ್ತು. "ನಗಾಡಿದ್ದನ್ನು ಬರೆದ್ರಾ?" ಎಂದು ಕೇಳಿದಳು. ಅದು ಬೇಕಾಗಿಲ್ಲ, ಕೆಳಗಿಳಿ ಎಂದರು ಗುಮಾಸ್ತರು.

ತೀರ್ಪಿನ ದಿನ ಅವಳನ್ನು ಯಾರೂ ಕರೆದಿರಲಿಲ್ಲ. ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಕೋರ್ಟಿನ ಗುಡ್ಡ ಹತ್ತಿದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಒಂದು ವರ್ಷ ಸಜೆ ಎಂದು ಜವಾನ ಹೇಳಿದ. ಒಸ್ವಾಲ್ಡ್ ಮಾಸ್ಟ್ರು ಮೆಟ್ಟಿಲಿಳಿಯುತ್ತ, ನೀನು ದೊಡ್ಡ ಕೆಲಸ ಮಾಡಿದೆ ಎಂದರು. ಅವಳು ಬುಟ್ಟಿಯನ್ನು ಇನ್ನೊಂದು ಪಕ್ಕಕ್ಕೆ ಬದಲಿಸಿ ಜಗಲಿಯತ್ತ ನಡೆದಳು.

ಜಗಲಿಯ ಕೊನೆಯಲ್ಲಿ ಶೆಟ್ಟರನ್ನು ಕೂರಿಸಿದ್ದರು. ಕೈಗೆ ಕೋಳ. ವ್ಯಾನು ಬರುವ ಮೊದಲು ಉಣ್ಣಲಿ ಎಂದು ಕುಶಲಾ ತಂದ ಬುತ್ತಿ ಮುಂದಿತ್ತು. ಕಾವಲಿಗಿದ್ದ ಎಳೆಯ ಪೇದೆ, ಸಾರ್ ಬೇಗ ಬೇಗ, ಎಂದು ಹಳೆಯ ಅಭ್ಯಾಸದಲ್ಲಿ ಅಟೆನ್ಷನ್ ನಿಂತೇ ಹೇಳುತ್ತಿದ್ದ. ಶೆಟ್ಟರು ಎರಡೂ ಕೈ ಜೋಡಿಸಿ ತುತ್ತೆತ್ತಿದರು. ಕೋಳ ತಟ್ಟೆಯ ಅಂಚಿಗೆ ತಾಗಿ ಅನ್ನ ನೆಲಕ್ಕೆ ಚೆಲ್ಲಿತು.

ಬಾಗಿ ಕಂಬದ ಮರೆಯಲ್ಲಿ ನಿಂತಳು. ಕುಶಲಾ ಮಂಡಿಯೂರಿ, ಸಿಮೆಂಟಿನ ಮೇಲೆ ಬಿದ್ದ ಅಗುಳನ್ನು ಒಂದೊಂದಾಗಿ ಹೆಕ್ಕಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ವ್ಯಾನು ಬಂದು ನಿಂತ ಮೇಲೂ ಹೆಕ್ಕುತ್ತಲೇ ಇದ್ದಳು.