ಸಣ್ಣ ಕೋರ್ಸೇ ಸಾಕು

ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಬೇಕು ಅಂದವರಲ್ಲ. ಮಾವಿನಹಣ್ಣು ಕೊಯ್ದರೆ ತಾಯಿ, "ನನಗೆ ಗೊರಟೆ ಚೀಪೋದೇ ಇಷ್ಟ" ಎನ್ನುತ್ತಿದ್ದಳು. ನಾಲ್ಕು ತುಂಬುವ ಹೊತ್ತಿಗೆ ಮಗಳೂ ಅದನ್ನೇ ಕಲಿತಳು. "ನಮ್ಮನೇಲಿ ಗೊರಟೆಗೇ ಜಗಳ. ತಿರುಳು ತಿಂದು ತಿಂದು ನಾನೊಬ್ಬನೇ ಕೆಟ್ಟೆ" ಎಂದು ತಂದೆ ನಗಿಸುತ್ತಿದ್ದ.

ಅವನು ಕಟ್ಟಡದ ಕೆಲಸದಲ್ಲಿ ಸಾರುವೆಯಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತಿತ್ತು. ಬೆಳಿಗ್ಗೆ ತಾಯಿ ನೋಡಿಕೊಳ್ಳುತ್ತಿದ್ದಳು. ಎರಡಕ್ಕೆ ಮಗಳು ಶಾಲೆಯಿಂದ ಬಂದೊಡನೆ ಅವನನ್ನು ಅವಳಿಗೆ ಒಪ್ಪಿಸಿ, ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಓಡುತ್ತಿದ್ದಳು.

ಆ ವರ್ಷ ಹೈಸ್ಕೂಲಿನಿಂದ ಒಂದು ಫಾರಂ ಬಂತು. ಚೆನ್ನಾಗಿ ಓದುವ ಮಕ್ಕಳಿಗೆ ಎರಡು ದಾರಿ. ದೊಡ್ಡ ಕೋರ್ಸಿನಲ್ಲಿ ಆರು ವಿಷಯ, ಸ್ವಂತ ಸಂಶೋಧನೆಯ ಉದ್ದ ಪ್ರಬಂಧ, ಸಂಜೆ ಐದರವರೆಗೆ ತರಗತಿ. ಸಣ್ಣದರಲ್ಲಿ ಬೇಕಾದ ಒಂದೆರಡು ವಿಷಯ ಮಾತ್ರ ಮೇಲ್ಮಟ್ಟದಲ್ಲಿ ಓದಿ, ಎಂದಿನಂತೆ ಎರಡಕ್ಕೆ ಮನೆ.

"ಯಾವುದೇ ಪುಟ್ಟಿ?" ತಾಯಿ ಪಾತ್ರೆ ಉಜ್ಜುತ್ತಲೇ ಕೇಳಿದಳು.

"ಸಣ್ಣದೇ ಸಾಕಮ್ಮ. ದೊಡ್ಡದರಲ್ಲಿ ಬರೆದೂ ಬರೆದೂ ಕೈ ಬಿದ್ದುಹೋಗತ್ತಂತೆ. ಯಾರಿಗೆ ಬೇಕು ಆ ತಲೆನೋವು?"

"ಸೋಮಾರಿ!" ಎಂದು ಬೈದು, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದಳು.

ಎರಡು ವಾರದ ಮೇಲೆ ಜೀವಶಾಸ್ತ್ರದ ಟೀಚರ್ ತಾಯಿಯನ್ನು ಶಾಲೆಗೆ ಕರೆಸಿದರು. ಮೇಜಿನ ಮೇಲೆ ಮಗಳ ಕೈಬರಹದ ನೋಟ್‌ಬುಕ್ ಇತ್ತು. ಆರು ತಿಂಗಳ ತಾರೀಖುಗಳು. ಯಾವ ಹೊತ್ತಿಗೆ ಯಾವ ಮಗ್ಗುಲು, ಚರ್ಮ ಎಷ್ಟು ಕೆಂಪಾಗಿತ್ತು, ಎಷ್ಟು ನಿಮಿಷಕ್ಕೆ ಆ ಕೆಂಪು ಇಳಿಯಿತು.

"ಫಾರಂ ಬರೋಕೆ ಮುಂಚೆನೇ ಉದ್ದ ಪ್ರಬಂಧಕ್ಕೆ ಅಂತ ಅವಳೇ ಶುರುಮಾಡಿದ್ದು," ಎಂದರು ಟೀಚರ್. "ದೊಡ್ಡ ಕೋರ್ಸಿಗೆ ಮೊದಲ ಹೆಸರು ಇವಳದೇ ಅಂದ್ಕೊಂಡಿದ್ದೆ. ಮನೇಲಿ ಬೇಡ ಅಂದ್ರಾ?"

"ಇಲ್ಲಮ್ಮ, ಅವಳೇ... ಈಗ ಬದಲಾಯಿಸಬಹುದಾ?"

"ಇಪ್ಪತ್ನಾಲ್ಕೇ ಸೀಟು. ಮೊನ್ನೆ ತುಂಬಿಹೋಯ್ತು. ಎರಡು ವರ್ಷದ ಕೋರ್ಸಿದು, ಮುಂದಿನ ವರ್ಷ ನಡುವೆ ಸೇರೋಕಾಗಲ್ಲ."

ತಾಯಿ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಮನೆಗೆ ಬಂದಳು.

"ನನಗೊಂದು ಮಾತು ಹೇಳಬಾರದಿತ್ತೇನೇ?"

ಮಗಳು ಅಪ್ಪನ ಬೆನ್ನಿಗೆ ದಿಂಬು ಕೊಡುತ್ತಿದ್ದಳು. "ಸಣ್ಣದು ಅಂದ ಕೂಡ್ಲೇ ನಿನ್ನ ಮುಖ ನೋಡಿದೆ. ನೀನು ಹಾಗೆ ನಿರಾಳವಾಗಿ ಉಸಿರು ಬಿಟ್ಟು ಎಷ್ಟು ದಿನ ಆಗಿತ್ತಮ್ಮ."

ತಾಯಿ ನೋಟ್‌ಬುಕ್ಕನ್ನು ಹಾಸಿಗೆಯ ಅಂಚಿಗಿಟ್ಟಳು. ಹೌದು, ಸಹಿ ಹಾಕುವಾಗ ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು. ಕೂಸು ನಿಜ ಹೇಳುತ್ತಿದೆಯೇ ಎಂದು ಒಮ್ಮೆ ತಿರುಗಿ ನೋಡಿರಲೂ ಇಲ್ಲ. ತಂದೆ ಗೋಡೆಯತ್ತ ಮುಖಮಾಡಿ ಮಲಗಿದ್ದ.

ಮರುದಿನ ತಾಯಿ ಬದುಕಿನಲ್ಲೇ ಮೊದಲ ಸಲ ಆಸ್ಪತ್ರೆಯ ಬಟ್ಟೆ ಕೆಲಸದ ಮೇಸ್ತ್ರಿಯ ಮುಂದೆ ನಿಂತು, ಪಾಳಿ ಬದಲಿಸಿಕೊಡಿ ಎಂದು ಕೇಳಿದಳು.

"ಅಷ್ಟೇನಾ?" ಅವನು ಒಣಗಿದ ಚಾದರ ಮಡಚುತ್ತಲೇ ಅಂದ. "ಸಂಜೆ ಆರರ ಪಾಳಿಗೆ ಜನ ಸಿಗದೆ ಒದ್ದಾಡ್ತಿದ್ದೀನಿ. ಸೋಮವಾರದಿಂದಲೇ ಬಾ. ಮೊದಲೇ ಕೇಳೋಕೇನಾಗಿತ್ತಕ್ಕ, ಬಾಯಿಂದ ಮುತ್ತು ಉದುರ್ತಿತ್ತಾ?"

ಅವಳು ಬಟ್ಟೆ ಒಗೆಯುವ ಯಂತ್ರಗಳ ಹಿಂದೆ ಹೋಗಿ, ಸದ್ದಿನಲ್ಲಿ ಯಾರಿಗೂ ಕೇಳದಂತೆ ಅತ್ತಳು.

ಸೋಮವಾರ ಎರಡಕ್ಕೆ ಮಗಳು ಬಂದಾಗ ತಾಯಿ ಮನೆಯಲ್ಲೇ ಇದ್ದಳು. "ಇನ್ಮೇಲೆ ಆರರವರೆಗೆ ನಾನಿರ್ತೀನಿ. ನೀನು ಹೋಗಮ್ಮ, ಆರಾಮಾಗಿ ಹೊರಗೆಲ್ಲಾದ್ರೂ ಹೋಗಿ ಬಾ."

ಮಗಳು ಬ್ಯಾಗು ಇಳಿಸಿ ಬಾಗಿಲವರೆಗೆ ಹೋಗಿ ನಿಂತಳು. "ಎಲ್ಲಿಗಮ್ಮ?"

ದೊಡ್ಡ ಕೋರ್ಸಿನ ಮಕ್ಕಳೆಲ್ಲ ಆಗ ಪ್ರಯೋಗಾಲಯದಲ್ಲಿದ್ದರು. ತಾಯಿ ಚಪ್ಪಲಿಯನ್ನು ಅವಳ ಕಾಲ ಬಳಿ ಸರಿಸಿಟ್ಟಳು. ಹೋದವಳು ಕಾಲು ಗಂಟೆಗೆಲ್ಲ ಹಿಂದಿರುಗಿದಳು.

"ಬಿಸಿಲು ಜಾಸ್ತಿ" ಎಂದಳು.