ಒಂಟೆ ಬಲ್ಲ ಬದರೀನಾಥ

ಬದರೀನಾಥ ಜನ್ಮದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ, ಅದೂ ಒಂಟೆಯ ವಿಷಯದಲ್ಲಿ. ಸುಳ್ಳು ಹೇಳಲು ಆ ಪುಣ್ಯಾತ್ಮನಿಗೆ ಬೇರೇನೂ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಎಪ್ಪತ್ತೈದರ ಆ ಬೇಸಿಗೆಯಲ್ಲಿ ನಿಜಕ್ಕೂ ಸಿಗಲಿಲ್ಲ. ಪಂಪು ತಯಾರಿಸುವ ಕಂಪನಿಯವರು ಮಾರ್ಚಿನಲ್ಲಿ ಒಂದೇ ದಿನ ನಲವತ್ತು ಎಂಜಿನಿಯರುಗಳನ್ನು ಲೇ ಆಫ್ ಮಾಡಿದ್ದರು. ಕಾರು ಓಡಿಸುವಾಗ ಸದಾ ಮೋಹನ ರಾಗ ಗುನುಗುತ್ತಿದ್ದವನು ಅಂದಿನಿಂದ ಗುನುಗುವುದನ್ನೇ ಬಿಟ್ಟ. ಮೂರು ತಿಂಗಳು ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನ ಮನೆಯಲ್ಲಿ ಕೂತು ಸಾಕಾಗಿ, ಕೊನೆಗೆ ಅಲ್ಲಿನ ಜಾತ್ರೆಗಳಾದ ಫೇರುಗಳಲ್ಲಿ ಒಂಟೆ ಓಟ ನಡೆಸುವ ಒಬ್ಬ ಮಾಲೀಕನ ಮುಂದೆ ಹೋಗಿ ನಿಂತ. ಆತ ಇವನ ಮುಖ ನೋಡಿ, "ಇಂಡಿಯಾದವನಾ? ಒಂಟೆ ಗೊತ್ತಾ?" ಎಂದು ಕೇಳಿದ.

"ಒಂಟೆಗಳ ನಡುವೆಯೇ ಬೆಳೆದವನು, ಸರ್" ಎಂದುಬಿಟ್ಟ ಬದರೀನಾಥ. ಒಂಟೆ ನೋಡಿಕೊಳ್ಳುವ ಕೆಲಸ ಅಲ್ಲೇ ಸಿಕ್ಕಿತು.

ಬೆಳೆದದ್ದು ಮೈಸೂರಿನ ಚಾಮುಂಡಿಪುರಂನಲ್ಲಿ. ವರ್ಷಕ್ಕೊಮ್ಮೆ ದಸರಾ ಮೆರವಣಿಗೆಯ ದಿನ ಅಪ್ಪನ ಹೆಗಲ ಮೇಲೆ ಕೂತು, ಜನರ ತಲೆಗಳಾಚೆ ಒಂಟೆಗಳ ಕತ್ತು ಹಾದುಹೋಗುವುದನ್ನು ನೋಡಿದ್ದ. ಉಳಿದ ವಿದ್ಯೆಯೆಲ್ಲ ಮೂರನೇ ಕ್ಲಾಸಿನ ಪಾಠದ್ದು: ಒಂಟೆ ಮರುಭೂಮಿಯ ಹಡಗು, ವಾರಗಟ್ಟಲೆ ನೀರಿಲ್ಲದೆ ಇರಬಲ್ಲದು.

ಹೆಂಡತಿ ರಮಾಮಣಿಗೂ ಅದೇ ಕತೆ. "ಚಿಕ್ಕಂದಿನಲ್ಲಿ ಅರಮನೆ ಲಾಯದಲ್ಲಿ ಸವಾರಿ ಮಾಡ್ತಿದ್ದೆ ಕಣೇ" ಎಂದಿದ್ದ. ಲದ್ದಿ ಎತ್ತುವ ಎಂಜಿನಿಯರ್ ಅನ್ನುವುದಕ್ಕಿಂತ ಒಂಟೆ ಬಲ್ಲವನು ಅನ್ನಿಸಿಕೊಳ್ಳುವುದು ವಾಸಿಯಲ್ಲವೇ. ಹೇಗೋ ಎರಡು ತಿಂಗಳು ನಡೆಯಿತು. ಆರು ಒಂಟೆಗಳು, ಬೆನ್ನಿನ ಮೇಲೆ ಒಂದೊಂದು ನಂಬರು. ರಜೆಯಲ್ಲಿದ್ದ ಮಗಳು ನಿರುಪಮಾ, ಹದಿನಾರು ವರ್ಷದವಳು, ದಿನಾ ಅಪ್ಪನ ಜೊತೆಗೇ ಬಂದು ಸಂಜೆವರೆಗೂ ಕೊಟ್ಟಿಗೆಯ ಹತ್ತಿರ ಸುಳಿದಾಡುತ್ತಿದ್ದಳು. ಕಾಟನ್ ಕ್ಯಾಂಡಿ ಆಸೆಗೆ ಬರುತ್ತಾಳೆ ಅಂದುಕೊಂಡಿದ್ದ.

ಸೆಪ್ಟೆಂಬರಿನ ಮೊದಲ ಸೋಮವಾರ, ಲೇಬರ್ ಡೇ ರಜೆಯ ದಿನ, ಹಿಲ್ಸ್‌ಬರೋ ಕಡೆಯ ಮೈದಾನದಲ್ಲಿ ಆ ಬೇಸಿಗೆಯ ಕೊನೆಯ ಓಟ. ಹಿಂದಿನ ಶುಕ್ರವಾರ ನಾಲ್ಕನೇ ನಂಬರಿನ ಒಂಟೆ ಏರುತ್ತಿದ್ದ ಹುಡುಗಿ ಕಾಲು ಉಳುಕಿಸಿಕೊಂಡಳು. ಮಾಲೀಕನ ಕಣ್ಣು ನಿರುಪಮಾ ಮೇಲೆ ಬಿತ್ತು: ಹಗುರ ಮೈ, ಒಂಟೆ ಬಲ್ಲವನ ಮಗಳು, ಇನ್ನೇನು ಬೇಕು? ಹುಡುಗಿ ಕುಣಿದಾಡಿದಳು. ಆ ರಾತ್ರಿ ಮನೆಯಲ್ಲಿ ರಮಾಮಣಿ ಗಂಡನನ್ನು ಒಳಗೆ ಕರೆದಳು.

"ನಂಗೇನೂ ಗೊತ್ತಾಗಲ್ಲ. ಒಂಟೆ ನಿಮಗೆ ಗೊತ್ತು. ನೀವು ಸರಿ ಅಂದ್ರೆ ಸರಿ."

"ಸರಿ" ಎಂದ ಬದರೀನಾಥ. ಆ ಒಂದು ಮಾತಿಗೆ ಮಗಳನ್ನು ಒಂಟೆ ಹತ್ತಿಸಿಬಿಟ್ಟ.

ಅಷ್ಟಕ್ಕೆ ಸುಮ್ಮನಿದ್ದನೇ? ಎಂಜಿನಿಯರ್ ತಲೆ. ಹೊಟ್ಟೆಯ ನೀರು ಕಡಿಮೆಯಾದರೆ ಒಂಟೆ ಹಗುರ, ಹಗುರವಾದರೆ ಉಳಿದವುಗಳ ನೂಕಾಟಕ್ಕೆ ಸಿಗದೆ ಮುಂದೆ ಓಡುತ್ತದೆ, ಮಗಳು ಕ್ಷೇಮ. ಶನಿವಾರ ಬೆಳಗ್ಗೆ ನಾಲ್ಕನೇ ನಂಬರಿನ ನೀರಿನ ತೊಟ್ಟಿಯನ್ನು ಎತ್ತಿ ಆಚೆ ಇಟ್ಟ. ಭಾನುವಾರ ಅದರ ಕಾಲಬುಡದಲ್ಲಿ ನೆಲ ಒದ್ದೆಯಾಗಿತ್ತು. ಗಂಜಲ ಅಂದುಕೊಂಡು ಮಣ್ಣು ಹಾಕಿದ.

ಸೋಮವಾರ ಮಧ್ಯಾಹ್ನ ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಸೆಕೆ. ಬೇಲಿಯುದ್ದಕ್ಕೂ ಜನ. ಓಟಕ್ಕೆ ಐದು ನಿಮಿಷವಿದ್ದಾಗ ಧೂಳು ಕೂರಿಸಲು ಟ್ರ್ಯಾಕಿಗೆಲ್ಲ ನೀರು ಚೆಲ್ಲಿ ಮುಗಿಸಿದ ಟ್ರಕ್ಕಿನವನು ದೂರದ ತಿರುವಿನಲ್ಲಿ ಗಾಡಿ ನಿಲ್ಲಿಸಿ ನಡೆದು ಬಂದ. ಬದರೀನಾಥನ ಪಕ್ಕ ನಿಂತು ಸಿಗರೇಟು ಹಚ್ಚಿದ.

"ಪ್ರಾಣಿಗಳಿಗೆಲ್ಲ ಹೊಟ್ಟೆ ತುಂಬ ನೀರು ಕುಡಿಸಿದ್ದೀಯ ತಾನೆ? ಹೋದ ವರ್ಷ ಇನ್ನೊಂದು ಫೇರಲ್ಲಿ ಬಾಯಾರಿದ ಒಂಟೆಯೊಂದು ನನ್ನ ಟ್ಯಾಂಕಿನ ವಾಸನೆ ಹಿಡಿದು ಬೇಲಿ ಮುರಿದುಕೊಂಡೇ ಬಂತು. ಮೇಲಿದ್ದವನ ಸೊಂಟ ಇನ್ನೂ ಸರಿಹೋಗಿಲ್ಲ" ಎಂದ.

ಬದರೀನಾಥ ಥಟ್ಟನೆ ಗೇಟಿನ ಕಡೆ ತಿರುಗಿದ. ನಾಲ್ಕನೇ ನಂಬರು ಗೇಟಿನೊಳಗೆ ನಿಂತು, ಕತ್ತು ಚಾಚಿ, ಹೊಳ್ಳೆ ಅರಳಿಸಿ ಟ್ರಕ್ಕಿನ ಕಡೆಗೇ ನೋಡುತ್ತಿತ್ತು. ಮೇಲೆ ಕೆಂಪು ಅಂಗಿ ತೊಟ್ಟ ಮಗಳು. ಎರಡು ದಿನದಿಂದ ನೀರು ಕಾಣದ ಪ್ರಾಣಿ. ಯಾರು ಮಾಡಿದ್ದು? ಇವನೇ. ಗೇಟಿಗೆ ಓಡಿದ.

"ಇಳಿ, ನಿರು. ಇಳಿದುಬಿಡು."

"ವೈ, ಅಪ್ಪ?"

ಮಾಲೀಕ ಬಂದು ಏನಾಯಿತೆಂದು ಕೇಳಿದ. ಬದರೀನಾಥನ ನಾಲಿಗೆಗೆ ಹಳೆಯ ದಾರಿಯೇ ಸುಲಭವಾಗಿ ಸಿಕ್ಕಿತು: "ಕುಂಟುತ್ತಿದೆ, ಸರ್. ಮುಂಗಾಲು." ಮಾಲೀಕ ಒಂಟೆಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದ. ಕುಂಟಲಿಲ್ಲ. ಮಗಳ ಓಟ ಅಂದರೆ ಎಲ್ಲ ಅಪ್ಪಂದಿರಿಗೂ ಹೀಗೇ ಎಂದು ನಕ್ಕು, ಬೆಲ್ಲು ಬಾರಿಸಲು ಕೈಯೆತ್ತಿದ.

ರಮಾಮಣಿ ಬೇಲಿಗೆ ಒರಗಿ ನಿಂತಿದ್ದಳು. ನಿಜ ಹೇಳಿದರೆ ಅವಳಿಗೂ ಕೇಳಿಸುತ್ತದೆ, ಕೆಲಸವೂ ಹೋಗುತ್ತದೆ. ಹೇಳದಿದ್ದರೆ ಮಗಳು. ಬದರೀನಾಥ ಮಾಲೀಕನ ಎತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನನಗೆ ಒಂಟೆ ಗೊತ್ತಿಲ್ಲ. ಜೂನ್ ತಿಂಗಳವರೆಗೆ ಒಂಟೆ ಮುಟ್ಟಿದವನೇ ಅಲ್ಲ. ಸ್ಕೂಲು ಪುಸ್ತಕ ನಂಬಿ ಇದಕ್ಕೆ ಎರಡು ದಿನದಿಂದ ನೀರು ಕೊಟ್ಟಿಲ್ಲ. ಬಿಟ್ಟರೆ ಆ ಟ್ರಕ್ಕಿಗೆ ನುಗ್ಗುತ್ತದೆ. ನನ್ನ ಮಗಳನ್ನು ಇಳಿಸಿ."

ಇಂಗ್ಲಿಷಿನಲ್ಲಿ ಹೇಳಿದ, ಗಟ್ಟಿಯಾಗಿಯೇ ಹೇಳಿದ. ಬೇಲಿಯ ಹತ್ತಿರವಿದ್ದವರೆಲ್ಲ ತಿರುಗಿ ನೋಡಿದರು.

ನಿರುಪಮಾ ಮೇಲಿನಿಂದ ಬಗ್ಗಿದಳು. "ಅಪ್ಪ, ಶಿ ಹ್ಯಾಡ್ ವಾಟರ್" ಎಂದಳು ಮೆಲ್ಲಗೆ. ಶನಿವಾರವೂ ಭಾನುವಾರವೂ, ಇವತ್ತು ಬೆಳಗ್ಗೆಯೂ, ಅವನು ಊಟಕ್ಕೋ ತಿಂಡಿಗೋ ಹೋದಾಗ ಬಕೆಟ್ಟಿನಲ್ಲಿ ಹೊತ್ತು ತಾನೇ ಕುಡಿಸಿದ್ದಾಗಿ ಹೇಳಿದಳು. ನೀರು ಮಾತ್ರವಲ್ಲ. ಒಂಟೆ ನೆಕ್ಕಲು ಉಪ್ಪಿನ ಗಟ್ಟಿ ಇಟ್ಟವಳು ಅವಳು. ಅವನು ತಪ್ಪಾಗಿ ಬಿಗಿದ ಜೀನನ್ನು ದಿನಾ ಬಿಚ್ಚಿ ಕಟ್ಟಿದವಳೂ ಅವಳೇ. ಲೈಬ್ರರಿಯಿಂದ ಒಂಟೆಯ ಪುಸ್ತಕ ತಂದು ಓದಿದ್ದಳು.

"ನಿಂಗೆ ಯಾವಾಗಿಂದ ಗೊತ್ತು?"

"ಫಸ್ಟ್ ಡೇ."

"ಯಾಕಮ್ಮ ಹೇಳ್ಲಿಲ್ಲ?"

"ಯು ವರ್ ಹಮ್ಮಿಂಗ್ ಇನ್ ದ ಕಾರ್ ಅಗೇನ್" ಎಂದಳು.

ಬದರೀನಾಥನಿಗೆ ಅಳು ಬಂತು. ನಲವತ್ತೆರಡು ವರ್ಷದ ಗಂಡಸು ಅಷ್ಟು ಜನರ ಮುಂದೆ ಒಂಟೆಯ ಹೊಟ್ಟೆಗೆ ಹಣೆ ಒತ್ತಿಕೊಂಡು ಅತ್ತ.

ಮಾಲೀಕ ತಂದೆಯನ್ನು ನೋಡಿದ, ಮಗಳನ್ನು ನೋಡಿದ. ನಿನ್ನ ಜೊತೆ ಆಮೇಲೆ ಮಾತಾಡುತ್ತೇನೆ ಎಂದು ಬದರೀನಾಥನಿಗೆ ಹೇಳಿದಾಗ ಅವನ ದನಿಯಲ್ಲಿ ನಗು ಇರಲಿಲ್ಲ. ಮೈಕಿನವನು ಹೊತ್ತಾಯಿತೆಂದು ಕೂಗುತ್ತಿದ್ದ. ಅಷ್ಟರಲ್ಲಿ ರಮಾಮಣಿ ಬೇಲಿಯಡಿ ಬಗ್ಗಿ ಒಳಗೆ ಬಂದಳು. ಸೀರೆಯ ಅಂಚಿಗೆ ಕೆಸರು ಮೆತ್ತಿತ್ತು.

"ಅರಮನೆ ಲಾಯ?" ಎಂದು ಕೇಳಿದಳು.

ಗಂಡ ಇಲ್ಲವೆಂದು ತಲೆಯಾಡಿಸಿದ. ಅವಳು ಮಗಳ ಕಡೆ ತಿರುಗಿದಳು.

"ನಿಂಗೆ ಗೊತ್ತೇನೇ ಒಂಟೆ?"

"ಎ ಲಿಟ್ಲ್, ಅಮ್ಮ."

"ಸ್ವಲ್ಪ ಗೊತ್ತು ಅಂತ ಹೇಳಿದೋರು ಈ ಮನೇಲಿ ನೀನೇ ಮೊದಲು. ಗಟ್ಟಿಯಾಗಿ ಹಿಡ್ಕೋ. ಹೋಗು."

ಓಟ ಶುರುವಾಗುವ ಗೆರೆಯವರೆಗೆ ಒಂಟೆಯನ್ನು ನಡೆಸಿಕೊಂಡು ಹೋಗಲು ಒಬ್ಬರು ಬೇಕು. ಬದರೀನಾಥ ಮುಖ ಒರೆಸಿಕೊಂಡು ಹಗ್ಗಕ್ಕೆ ಕೈ ಹಾಕಿದವನು ಅಲ್ಲಿಯೇ ತಡೆದ.

"ಯಾವ ಕಡೆಯಿಂದ ಹಿಡೀಬೇಕಮ್ಮ?" ಎಂದು ಕೇಳಿದ.

"ಲೆಫ್ಟ್, ಅಪ್ಪ."

ಎರಡು ತಿಂಗಳು ಬಲಗಡೆಯೇ ನಿಂತಿದ್ದ ಬದರೀನಾಥ ಒಂಟೆಯ ಮುಂದಿನಿಂದ ಸುತ್ತಿ ಬಂದು ಎಡಗಡೆ ನಿಂತುಕೊಂಡ.