ಸರಳಿನ ಅಳತೆಯ ಟೋಸ್ಟ್

ಲಿಝೆಲ್ ಚೀಸ್ ತುರಿಯುತ್ತಿದ್ದಳು. ತುಂಡು ಉಗುರಿನಷ್ಟಾಗುವ ತನಕ ಬಿಡದೆ ತುರಿದು, ಕೆಳಗೆ ಹಾಸಿದ್ದ ಕಾಗದಕ್ಕೆ ಅಂಟಿದ್ದನ್ನೂ ಬೆರಳಿನಿಂದ ಬಳಿದು ರಾಶಿಗೆ ಸೇರಿಸಿದಳು. ಟೇಬಲ್ಲಿನ ಹತ್ತಿರ ಕೂತು ಅಪ್ಪ ಕೆಲಸದ ಬೂಟಿನ ದಾರ ಬಿಚ್ಚುತ್ತಿದ್ದ. ಭೂಮಿಯ ದಕ್ಷಿಣ ತುದಿಯ ಆ ಊರಲ್ಲಿ ಜುಲೈ ಅಂದರೆ ನಡು ಚಳಿಗಾಲ, ಹೊರಗೆ ಚಳಿಗತ್ತಲು ಆಗಲೇ ಬೀದಿಗೆ ಇಳಿದಿತ್ತು.

ವಾರದ ದಿನಗಳಲ್ಲಿ ಆ ಮನೆಯ ರಾತ್ರಿಯೂಟ ಇದೇ. ಈರುಳ್ಳಿ, ಟೊಮೇಟೊ, ಒಂದಿಷ್ಟು ಮಸಾಲೆಪುಡಿ ಹಾಕಿ ದನದ ಖೀಮಾವನ್ನು ನೀರು ಆರುವ ತನಕ ಬಾಡಿಸುವುದು. ಕೊನೆಗೆ ಏಪ್ರಿಕಾಟಿನ ಸಿಹಿ ಚಟ್ನಿ ಒಂದು ಚಮಚ. ಬ್ರೆಡ್ಡಿನ ಮೇಲೆ ಹರಡಿ, ಚೀಸ್ ಉದುರಿಸಿ ಓವನ್ನಿನ ಗ್ರಿಲ್ಲಿನ ಕೆಳಗೆ ತಳ್ಳಿದರೆ ಅಪ್ಪ ಕೈತೊಳೆದು ಬರುವಷ್ಟರಲ್ಲಿ ಊಟ ಸಿದ್ಧ. ಅಮ್ಮ ಮಾಡುತ್ತಿದ್ದದ್ದೂ ಹೀಗೇ. ಅಮ್ಮ ಸತ್ತ ವರ್ಷ ಲಿಝೆಲ್ ಶಾಲೆ ಬಿಟ್ಟಳು, ಒಲೆ ಅವಳ ಪಾಲಿಗೆ ಬಂತು.

ಇಬ್ಬರಿಗೆ ನಾಲ್ಕು ಟೋಸ್ಟ್ ಸಾಕು. ಅವಳು ಐದು ಮಾಡುತ್ತಿದ್ದಳು. ಐದನೆಯದರ ಬಗ್ಗೆ ಆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಅದು ಅಣ್ಣ ಡೆನ್ವರನದು. ಟಿಕ್ ಅನ್ನುವ ಅಮಲುಪುಡಿ ಸೇದಲು ಹಿಡಿದ ಮೇಲೆ ಅವನ ಕೈಯಲ್ಲಿ ಮೊದಲು ಮನೆಯ ಕೆಟಲ್ ಮಾರಿಹೋಯಿತು, ಆಮೇಲೆ ಇಸ್ತ್ರಿಪೆಟ್ಟಿಗೆ, ಆಮೇಲೆ ಅಮ್ಮ ಚರ್ಚಿಗೆ ಹಾಕಿಕೊಳ್ಳುತ್ತಿದ್ದ ಷೂ. ಅಪ್ಪ ಅವನನ್ನು ಮನೆಯಿಂದ ಹೊರಗೆ ಹಾಕಿದ. ಒಂದು ಸಂಜೆ ಅವನು ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು, "ಮಮ್ಮಿ, ಚಾಕು ಚುಚ್ಚಿಬಿಟ್ರು, ಬಾಗ್ಲು ತೆಗಿ" ಅಂದ. ತಾಯಿಕರುಳು, ಅಮ್ಮ ತೆಗೆದಳು. ಅವನ ಬೆನ್ನಿಗೆ ಇನ್ನಿಬ್ಬರಿದ್ದರು. ಅವರು ಟಿವಿಗೆ ಕೈ ಹಾಕಿದಾಗ ಅಮ್ಮ ಅದನ್ನು ತಬ್ಬಿಕೊಂಡು ನಿಂತಳು. ಯಾರು ನೂಕಿದರೋ, ತಲೆ ಹೊಸ್ತಿಲಿಗೆ ಬಡಿಯಿತು. ಆಸ್ಪತ್ರೆಗೆ ಹೋದವಳು ಮತ್ತೆ ಕಣ್ಣು ಬಿಡಲಿಲ್ಲ. ಡೆನ್ವರನ ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ.

ಅಪ್ಪ ವೆಲ್ಡರ್. ಮಣ್ಣು ಮಾಡಿ ಬಂದ ವಾರವೇ ಹಳೇ ಗೇಟು ಕಿತ್ತು, ಮುಂಬಾಗಿಲಿಗೆ ತಾನೇ ಬೆಸೆದ ಹೊಸದನ್ನು ಕೂರಿಸಿದ. ಗಂಡಸಿನ ಕೈ ತೂರಬಾರದು, ಹಾಗೆ ಅಳೆದು ಸರಳುಗಳನ್ನು ಒತ್ತೊತ್ತಾಗಿ ಇಟ್ಟ. ಒಳಗಿನಿಂದ ತೆಗೆಯಲೂ ಬೀಗದ ಕೈ ಬೇಕು. ಅದು ಅವನ ಕೊರಳಲ್ಲಿ, ಅಮ್ಮನ ಉಂಗುರದ ಜೊತೆ ಒಂದೇ ದಾರದಲ್ಲಿ.

ತಟ್ಟೆ ಆ ಸರಳುಗಳಲ್ಲಿ ಹಿಡಿಸುವುದಿಲ್ಲ. ಇಡೀ ಟೋಸ್ಟೂ ಹಿಡಿಸುವುದಿಲ್ಲ. ಲಿಝೆಲ್ ಐದನೆಯದನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಚೀಸ್ ಸರಳಿಗೆ ಮೆತ್ತದಂತೆ ಒಂದೊಂದನ್ನೇ ಅಡ್ಡವಾಗಿಸಿ ತೂರಿಸುತ್ತಿದ್ದಳು. ಅವಳು ಬಾಗಿಲಿಗೆ ಹೋದಾಗೆಲ್ಲ ಅಪ್ಪ ಟಿವಿಯ ಸದ್ದು ಏರಿಸುತ್ತಿದ್ದ. ಅವನ ಒಪ್ಪಿಗೆ ಅಷ್ಟೇ.

ಕತ್ತಲಾದ ಮೇಲೆ ಗೇಟಿನಾಚೆ ಬಂದು ಕೂರುತ್ತಿದ್ದ ಡೆನ್ವರ್ ಸುಮ್ಮನೆ ತಿಂದವನಲ್ಲ.

"ಏನೇ ಗುಬ್ಬಿ, ಖೀಮಾದಲ್ಲಿ ಮಾಂಸ ಇದ್ಯೋ, ಬರೀ ಈರುಳ್ಳಿನೋ?"

"ತಿನ್ನೋದಾದ್ರೆ ತಿನ್ನು. ಹೋಟ್ಲಲ್ಲ ಇದು."

"ಹೋಟ್ಲಾದ್ರೆ ತಟ್ಟೇನಾದ್ರೂ ಕೊಡ್ತಿದ್ರು. ನೀನು ಕೋತಿಗೆ ಕೊಟ್ಟಂಗೆ ತೂರಿಸ್ತೀಯ."

"ಕೋತಿ ಕದಿಯಲ್ಲ."

"ಅಯ್ಯೋ ಪೆದ್ದಿ, ಬೆಟ್ಟದ ರಸ್ತೆ ಕೋತಿಗಳ್ನ ನೀನು ನೋಡಿಲ್ಲ ಬಿಡು. ಕಾರಿನ ಬಾಗ್ಲೇ ತೆಗೀತಾವೆ!"

ನಗುತ್ತ ಬ್ರೆಡ್ಡಿನ ಅಂಚನ್ನೆಲ್ಲ ಕಿತ್ತು ಪಕ್ಕದ ಮನೆ ಆಂಟಿ ಮರ್ಲಳ ನಾಯಿಗೆ ಎಸೆಯುತ್ತಿದ್ದ. ಚಿಕ್ಕಂದಿನಿಂದಲೂ ಅವನಿಗೆ ಅಂಚು ಆಗದು. ಲಿಝೆಲ್ ಮಾತು ಕಡಿಮೆ, ಕಣ್ಣು ಹೆಚ್ಚು. ಅವನ ಕೆನ್ನೆ ಎಷ್ಟು ಒಳಗೆ ಹೋಗಿದೆ, ಯಾವ ಹಲ್ಲು ಬಿದ್ದಿದೆ ಎಲ್ಲ ಅವಳಿಗೆ ಗೊತ್ತಿತ್ತು.

ಆ ರಾತ್ರಿ ಗ್ರಿಲ್ಲಿನಡಿ ಚೀಸ್ ಗುಳ್ಳೆಯೆದ್ದು ಕಂದುಬಣ್ಣಕ್ಕೆ ತಿರುಗುವ ಹೊತ್ತಿಗೆ ಗೇಟು ಅಲುಗಿತು.

ಲಿಝೆಲ್ ಅಪ್ಪನ ತಟ್ಟೆಗೆ ಒಂದು ಹಾಕಿ, "ಡ್ಯಾಡಿಗೆ ಇನ್ನೊಂದು ಹಾಕ್ಲಾ?" ಅಂದಳು. ಎದುರಿಗೇ ಇದ್ದರೂ ಅಪ್ಪನನ್ನು ಅವಳು 'ನೀವು' ಅನ್ನುವ ಬದಲು 'ಡ್ಯಾಡಿ' ಅಂತಲೇ ಅನ್ನುವುದು, ಆ ಕಡೆಯ ಮಕ್ಕಳೆಲ್ಲ ಹೀಗೇ. ಅಪ್ಪ ತಲೆಯಾಡಿಸಿ ಟಿವಿಯ ಸದ್ದು ಏರಿಸಿದ.

ಡೆನ್ವರ್ ಮೆಟ್ಟಿಲ ಮೇಲೆ ಕೂತು ಗೇಟಿಗೆ ಭುಜ ಒರಗಿಸಿದ್ದ. ಎರಡು ಕೈಯೂ ಹೊಟ್ಟೆಯ ಮೇಲೆ, ಜಾಕೆಟ್ಟಿನ ಒಳಗೆ.

"ತಗೋ, ಬಿಸಿ ಇದೆ."

ಅವನು ಒಂದು ಕೈ ಹೊರತೆಗೆದು ಪಟ್ಟಿಯನ್ನು ಹಿಡಿದ. ಬಾಯಿಗೆ ಒಯ್ಯಲಿಲ್ಲ. ಅಂಚು ಕೀಳಲಿಲ್ಲ.

"ಚೆನ್ನಾಗಿದೆ ಗುಬ್ಬಿ," ಅಂದ.

"ತಿಂದೇ ಇಲ್ವಲ್ಲ."

"ವಾಸನೆ ಚೆನ್ನಾಗಿದೆ. ಮಮ್ಮಿ ಮಾಡ್ದಂಗೇ ಇದೆ." ಸರಳುಗಳ ಸಂದಿಯಿಂದ ಒಳಗೆ ನೋಡಿ ಕೇಳಿದ. "ಡ್ಯಾಡಿ ಇದಾರಾ?"

ಗೇಟಿನಾಚೆ ಕೂತು ಅವನು ಅಮ್ಮನ ಸುದ್ದಿ ಎತ್ತಿದ್ದು ಇದೇ ಮೊದಲು. ಅವನು ಹಿಡಿದಿದ್ದ ಪಟ್ಟಿ ಜಾರಿ ಮೆಟ್ಟಿಲ ಮೇಲೆ ಬಿತ್ತು. ಆಂಟಿ ಮರ್ಲಳ ನಾಯಿ ಗಿಡ್ಡ ಗೋಡೆಯನ್ನು ಹಾರಿ ಬಂದು, ಟೋಸ್ಟನ್ನು ಬಿಟ್ಟು, ಅದರ ಪಕ್ಕದಲ್ಲಿ ಹರಿಯುತ್ತಿದ್ದುದನ್ನು ಮೂಸಿತು.

"ಅಣ್ಣಾ, ಕೈ ತೆಗಿ. ತೋರ್ಸು."

ಅವನು ತೋರಿಸಲಿಲ್ಲ. "ನಾನು ಗೇಟ್ ತೆಗಿ ಅಂತ ಕೇಳ್ತಿಲ್ಲ ಕಣೇ," ಅಂದ. "ಸುಮ್ನೆ ಕೂತ್ಕೋತೀನಿ. ನೀನೂ ಕೂತ್ಕೋ."

ಅವಳು ಒಳಗೆ ಓಡಿದಳು. "ಡ್ಯಾಡಿ, ಅಣ್ಣಂಗೆ ಚುಚ್ಚಿದಾರೆ."

ಅಪ್ಪ ಬಾಯಲ್ಲಿದ್ದದ್ದನ್ನು ನುಂಗಿದ. "ಅವತ್ತೂ ಚುಚ್ಚಿದ್ರು."

"ಇಲ್ಲ ಡ್ಯಾಡಿ, ರಕ್ತ ಬರ್ತಿದೆ. ಟೋಸ್ಟ್ ತಿನ್ಲಿಲ್ಲ ಅವ್ನು. ಅಂಚು ಕೂಡ ಕೀಳ್ಲಿಲ್ಲ."

"ಕುರಿ ರಕ್ತ ಕಸಾಯಿ ಅಂಗ್ಡೀಲಿ ಬಿಟ್ಟಿ ಸಿಗುತ್ತೆ. ಹಿಂದೆ ಯಾರು ನಿಂತಿದಾರೆ ನೋಡ್ದಾ ನೀನು? ನಿಮ್ಮಮ್ಮನೂ ನೋಡ್ಲಿಲ್ಲ." ಅಪ್ಪ ತಟ್ಟೆಯ ಕಡೆ ತಿರುಗಿದ.

ಹೊರಗೆ ಆಂಟಿ ಮರ್ಲ್ ತನ್ನ ಗೇಟಿನ ಒಳಗೆ ನಿಂತು ನಾಯಿಯನ್ನು ಬೈಯುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. "ಅಯ್ಯೋ ದೇವ್ರೆ! ಲಿಝೆಲ್, ಅವ್ನ ಪ್ಯಾಂಟ್ ನೋಡೇ!"

"ಆಂಟಿ, ಆಂಬುಲೆನ್ಸಿಗೆ ಫೋನ್ ಮಾಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಆಂಟಿ ಮಾಡಿದಳು. ಸ್ವಲ್ಪ ಹೊತ್ತಿಗೆ ಕತ್ತಲಿನಿಂದ ಅವಳ ದನಿ ಬಂತು. "ಈ ಬೀದೀಲಿ ಆಂಬುಲೆನ್ಸಿನವ್ರನ್ನೇ ದೋಚ್ತಾರೆ, ಪೊಲೀಸ್ ಗಾಡಿ ಜೊತೆಗಿಲ್ದೆ ಬರಲ್ವಂತೆ. ಪೊಲೀಸ್ ಗಾಡಿ ಯಾವಾಗ ಖಾಲಿ ಆಗುತ್ತೋ ಗೊತ್ತಿಲ್ವಂತೆ. ಒಳಗೆ ಮಲಗ್ಸಿ ಗಾಯಾನ ಗಟ್ಟಿಯಾಗಿ ಒತ್ತಿ ಹಿಡೀರಿ ಅಂದ್ರು."

"ನೀವೇ ಬಂದು ಒತ್ತಿ ಆಂಟಿ."

"ಹೊಡೆದವರು ಇನ್ನೂ ಆ ಮೂಲೇಲೇ ನಿಂತಿದಾರೆ ಮಗಳೇ. ನಾನು ಗೇಟ್ ತೆಗೆಯಲ್ಲ. ನಿಮ್ಮ ಡ್ಯಾಡಿಗೆ ಹೇಳು. ಕ್ಲೈವ್! ಏ ಕ್ಲೈವ್! ನಿನ್ನ ಮಗ ಕಣಯ್ಯಾ!"

ಲಿಝೆಲ್ ಪಾತ್ರೆ ಒರೆಸುವ ಬಟ್ಟೆಯನ್ನು ಮಡಿಸಿ ಸರಳುಗಳ ನಡುವೆ ಕೈ ತೂರಿಸಿದಳು. ಅವಳದು ಸಣ್ಣ ಕೈ, ಮಣಿಕಟ್ಟಿನ ತನಕ ಹೋಯಿತು. ಅಲ್ಲಿಗೆ ಸಿಕ್ಕಿಕೊಂಡಿತು. ಗಾಯ ಇನ್ನೊಂದು ಗೇಣಾಚೆ ಇತ್ತು. ಚರ್ಮ ಸುಲಿಯುವ ಹಾಗೆ ಒತ್ತಿದಳು. ಅಪ್ಪನ ಅಳತೆ ಎಲ್ಲೂ ತಪ್ಪಿರಲಿಲ್ಲ.

"ಈ ಕಡೆ ತಿರುಗಣ್ಣಾ, ಸ್ವಲ್ಪ ಈ ಕಡೆ."

ಅವನು ತಿರುಗಲು ನೋಡಿದ. ಆಗಲಿಲ್ಲ. ಅವಳ ಬೆರಳುಗಳನ್ನು ಮಾತ್ರ ಹಿಡಿದುಕೊಂಡ. ಚೀಸಿನ ಜಿಡ್ಡೂ ರಕ್ತವೂ ಸೇರಿ ಅವನ ಕೈ ಜಾರುತ್ತಿತ್ತು.

"ಕೋತಿ," ಅಂದ. ನಗುವ ಹಾಗೆ ತುಟಿ ಅಲುಗಿತು.

ಒಳಗೆ ಟಿವಿಯ ಸದ್ದು ಫಕ್ಕನೆ ನಿಂತಿತು. ಲಿಝೆಲ್ ಕತ್ತು ಹೊರಳಿಸಿ ನೋಡಿದಳು. ಅಪ್ಪ ಟೇಬಲ್ಲಿನ ಹತ್ತಿರ ಎದ್ದು ನಿಂತಿದ್ದ, ಬೆನ್ನು ಬಾಗಿಲಿಗೆ. ತಟ್ಟೆಯಲ್ಲಿ ಎರಡನೇ ಟೋಸ್ಟ್ ಹಾಗೇ ಇತ್ತು, ಚೀಸ್ ಬಿರುಸಾಗಿ ಮೇಣದಂತಾಗಿತ್ತು. ಅವನ ಬಲಗೈ ಅಂಗಿಯ ಕೊರಳಪಟ್ಟಿಯೊಳಗೆ ಹೋಗಿ ದಾರವನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಹಿಡಿದ ಕೈ ಅಲ್ಲೇ ಇತ್ತು, ಈಚೆಗೆ ಬರಲಿಲ್ಲ.

ಆಂಟಿ ಮರ್ಲಳ ಕೂಗೂ ನಿಂತಿತ್ತು. ಲಿಝೆಲಳ ಬೆರಳ ಮೇಲಿನ ಹಿಡಿತ ಸಡಿಲಾಗುತ್ತ ಬಂತು. ಜೋರಾಗಿ ಕೂಗಿ ಅಭ್ಯಾಸವಿಲ್ಲದ ಅವಳು ಎಂದಿನ ದನಿಯಲ್ಲೇ, ಉಪ್ಪು ಕೇಳುವ ಹಾಗೆ ಕೇಳಿದಳು.

"ಡ್ಯಾಡಿ, ಬೀಗದ ಕೈ ಕೊಡಿ."